ಒಂದೂವರೆ ತಾಸಿನ ಪೂಜೆ

ನನ್ನ ಗಂಡ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ, ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಈ ಮೂರು ಮಾತುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಯಾರಾದರೂ ‘ನಿನ್ನ ಗಂಡ’ ಎಂದು ಬಾಯಿ ತೆರೆದರೆ ಸಾಕು, ಉಳಿದದ್ದನ್ನು ನಾನೇ ಹೇಳಿ ಮುಗಿಸುತ್ತಿದ್ದೆ. ಮಾಡದೆ ಇದ್ದದ್ದನ್ನೇ ಹಿಡಿದು ಒಬ್ಬ ಮನುಷ್ಯನನ್ನು ದೇವರನ್ನಾಗಿ ಮಾಡಬಹುದು ಎಂದು ನನಗೆ ಗೊತ್ತಾದದ್ದು ಗಂಗಾವತಿಯಲ್ಲಿ. ನಮ್ಮ ಪಕ್ಕದ ಮನೆಯ ಎಮ್ಮೆಯೂ ಕುಡಿಯುತ್ತಿರಲಿಲ್ಲ, ಇಸ್ಪೀಟು ಆಡುತ್ತಿರಲಿಲ್ಲ. ಅದಕ್ಕೆ ಯಾರೂ ಕೈ ಮುಗಿಯಲಿಲ್ಲ.

ಅವರು ಅಲ್ಲಿಯ ತಹಶೀಲ ಕಚೇರಿಯಲ್ಲಿ ಗುಮಾಸ್ತರು. ನಾನು ಕುಷ್ಟಗಿ ಹತ್ತಿರದ ಹಳ್ಳಿಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಸಾಲಿ ಕಲಿಸಲು ಬೇಕಾದ ಟಿ.ಸಿ.ಎಚ್. ತರಬೇತಿಯನ್ನೂ ಮುಗಿಸಿದ್ದೆ. ಎಪ್ಪತ್ತರ ದಶಕದ ಮೊದಲಿಗೆ ನಮ್ಮ ಕಡೆ ಅಷ್ಟು ಓದಿದ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂದು ಹೆದರಿದ್ದ ನನ್ನ ಅಪ್ಪ, ಇವರು ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚಿದ. ಹುಡುಗನ ನೌಕರಿ ಸರಕಾರಿ, ನಡತೆ ಬಂಗಾರ, ಎಲ್ಲಕ್ಕಿಂತ ಹೆಚ್ಚಾಗಿ ದಿನಾ ಬೆಳಿಗ್ಗೆ ಒಂದೂವರೆ ತಾಸು ಲಿಂಗಪೂಜೆ. ಆ ಒಂದೂವರೆ ತಾಸು ಮುಗಿಯುವುದನ್ನು ಇನ್ನೊಬ್ಬರು ಕೂತು ಕಾಯಬೇಕಾಗುತ್ತದೆ ಎಂಬುದು ಅಪ್ಪನಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಬಿಡಿ, ನನಗೆ ಹೆಮ್ಮೆಯೇ ಆಗಿತ್ತು.

ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ, ಗಂಡಾಗಲಿ ಹೆಣ್ಣಾಗಲಿ. ಅಡಕೆಯಷ್ಟು ಗಾತ್ರದ ಕಪ್ಪು ಲಿಂಗ, ಅದನ್ನಿಡಲು ಬೆಳ್ಳಿಯ ಕರಡಿಗೆ, ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳಲು ಶಿವದಾರ. ಜಳಕವಾದ ಮೇಲೆ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಆ ತೀರ್ಥವನ್ನು ತೆಗೆದುಕೊಂಡು ಆಮೇಲೆ ಊಟಕ್ಕೆ ಕೂಡುವುದು. ಸಾಯುವ ತನಕ ಲಿಂಗ ಮೈಮೇಲಿರಬೇಕು, ಇನ್ನೊಬ್ಬರು ಅದನ್ನು ಮುಟ್ಟಬಾರದು. ಇಷ್ಟೇ ಸರಳ.

ನನ್ನ ಅತ್ತೆ, ಯಲಬುರ್ಗಾ ಕಡೆಯ ಒಕ್ಕಲಗಿತ್ತಿ, ಈ ಕೆಲಸವನ್ನು ಹಾಲು ಉಕ್ಕುವುದರೊಳಗೆ ಮುಗಿಸುತ್ತಿದ್ದಳು. ಒಲೆಯ ಮುಂದೆ ಗೋಣಿಚೀಲ ಹಾಸಿಕೊಂಡು, ಒಂದು ಕಣ್ಣು ಅಂಗೈ ಮೇಲೆ, ಒಂದು ಕಣ್ಣು ಹಾಲಿನ ಮೇಲೆ. ಒಮ್ಮೆ ನವಣೆ ಹೊಲದಲ್ಲಿ ಕಸ ತೆಗೆಯುವಾಗ ಅವಳ ಶಿವದಾರ ಹರಿದು ಲಿಂಗ ಕಳೆದುಹೋಗಿತ್ತಂತೆ. ಹೊತ್ತು ಮುಳುಗುವ ತನಕ ಹುಡುಕಿ, ಸಿಗಲಿಲ್ಲವೆಂದು ಉಪವಾಸ ಮಲಗಿ, ಮರುದಿನ ಮಠದ ಅಯ್ಯನವರ ಕೈಯಿಂದ ಹೊಸದು ಕಟ್ಟಿಸಿಕೊಂಡು ಎರಡು ರೊಟ್ಟಿ ಉಂಡು ಮತ್ತೆ ಹೊಲಕ್ಕೆ ಹೋದಳಂತೆ. ಲಿಂಗ ಕಳೆದುಕೊಂಡವರನ್ನು ಮಂದಿ ಒಂದು ನಮೂನಿ ನೋಡುತ್ತಾರೆ. ಅವಳು ಆ ನೋಟಕ್ಕೆ ಕ್ಯಾರೇ ಅನ್ನಲಿಲ್ಲ. ಅವಳು ನಮ್ಮ ಮನೆಗೆ ಬಂದಾಗ, ಮಗ ಪೂಜೆಗೆ ಕೂತಿದ್ದನ್ನೂ ನಾನು ಹಸಿದ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದನ್ನೂ ನೋಡಿ ಒಂದೇ ಮಾತು ಹೇಳಿದಳು.

“ಲಿಂಗ ಅಂಗೈ ಮ್ಯಾಲೆ ಇರಬೇಕವ್ವಾ, ನೆತ್ತಿ ಮ್ಯಾಲೆ ಅಲ್ಲ.”

ಮಗನ ಮುಂದೆ ಮಾತ್ರ ಹೇಳಲಿಲ್ಲ.

ಆ ಪೂಜೆಯ ಸಿದ್ಧತೆಯೇ ಒಂದು ಮದುವೆಯಷ್ಟಿತ್ತು. ನಾನು ನಸುಕಿನಲ್ಲೆದ್ದು ಮೈ ತೊಳೆದುಕೊಂಡು, ಬೇರೆ ಕೊಡದಲ್ಲಿ ನೀರು ತಂದು, ಪತ್ರಿಯ ಎಲೆಗಳಲ್ಲಿ ಹರಿದದ್ದು ತೂತುಬಿದ್ದದ್ದು ತೆಗೆದು ಆರಿಸಿ, ಅವರ ಮಡಿ ಧೋತರ ಒಣಗಿಸಿ, ಪಡಸಾಲೆಯ ಮೂಲೆಯಲ್ಲಿ ಪರದೆ ಕಟ್ಟಬೇಕು. ಪರದೆ ಏಕೆಂದರೆ ಏಕಾಗ್ರತೆ ಕೆಡಬಾರದು. ಪರದೆಯ ಆಚೆ ಅವರು, ಈಚೆ ನಾನು, ನನ್ನ ಕಂಕುಳಲ್ಲಿ ಕೂಸು. ಕೂಸು ಅತ್ತರೆ ಪರದೆಯ ಒಳಗಿನಿಂದ ಗಂಟೆಯ ಸದ್ದು ಜೋರಾಗುತ್ತಿತ್ತು. ಅದರ ಅರ್ಥ, ಹೊರಗೆ ಕರೆದುಕೊಂಡು ಹೋಗು ಎಂದು. ಅವರ ಪೂಜೆ ಮುಗಿದು ತೀರ್ಥ ಕೊಡುವ ತನಕ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಣ್ಣುವುದಕ್ಕೇ ಅಪ್ಪಣೆ ಬೇಕಿದ್ದುದರಿಂದ ಜಗಳ ಶುರುವಾಗಲು ತ್ರಾಣವೇ ಇರುತ್ತಿರಲಿಲ್ಲ.

ಅಪ್ಪಣೆ ಎಂಬ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಗಂಡ ಯಾವುದನ್ನೂ ತಾವಾಗಿ ನಿರ್ಧರಿಸುತ್ತಿರಲಿಲ್ಲ. ಏನು ಕೇಳಿದರೂ ‘ಲಿಂಗಪ್ಪನ್ನ ಕೇಳಿ ಹೇಳತೀನಿ’ ಎಂದು ಪರದೆಯ ಒಳಗೆ ಹೋಗಿ, ಕಣ್ಣು ಅರೆ ಮುಚ್ಚಿಕೊಂಡು ಹೊರಗೆ ಬಂದು, ಆತು ಅಥವಾ ಆಗಲಿಲ್ಲ ಎನ್ನುತ್ತಿದ್ದರು. ಕಾಲುವೆಯ ಹತ್ತಿರದ ಬಾಡಿಗೆ ಮನೆಗೆ ಹೋಗೋಣವೆ? ಅಪ್ಪಣೆ ಆಯಿತು. ಅವರಿಗೆ ಹೊಸ ಸೈಕಲ್ಲು? ಆಯಿತು. ಪಂಚಮಿಗೆ ನಾನು ತವರಿಗೆ ಹೋಗಲೆ? ಆಗಲಿಲ್ಲ. ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳನ್ನು ನಮ್ಮ ಸೀಮೆಯಲ್ಲಿ ನೀವು ಹುಡುಕಬೇಕು, ಅದೂ ಮದುವೆಯಾದ ಎರಡನೆಯ ವರ್ಷಕ್ಕೆ. ಅವರಿಗೂ ಅವರ ಲಿಂಗಪ್ಪನಿಗೂ ಒಂದು ದಿನ ಅಭಿಪ್ರಾಯ ಬೇರೆಯಾದದ್ದನ್ನು ನಾನು ಕಾಣಲಿಲ್ಲ. ಹೊಂದಾಣಿಕೆಯ ಸಂಸಾರ ಅಂದರೆ ಅದು.

ಈಗ ಹೀಗೆ ಬರೆಯುತ್ತಿದ್ದೇನೆ. ಆಗ ನಂಬಿದ್ದೆ. ನಂಬದೆ ಏನು ಮಾಡಲಿ, ಊರೇ ನಂಬಿತ್ತು. ನಾವು ಕಾಲುವೆ ಹತ್ತಿರದ ಮನೆಗೆ ಬಂದ ವರ್ಷ, ಮಳೆಗಾಲಕ್ಕೆ ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ನಡೆದ ಒಂದು ಸಂಗತಿ ಅವರನ್ನು ಗುಮಾಸ್ತರ ಸಾಲಿನಿಂದ ಎತ್ತಿ ಶರಣರ ಸಾಲಿಗೆ ಕೂಡಿಸಿತು. ಹರಿಯುವ ನೀರಿನಲ್ಲಿ ನಿಂತು ಪೂಜೆ ಮಾಡಿದರೆ ಪುಣ್ಯ ಹೆಚ್ಚು ಎಂದು ಯಾರೋ ಹೇಳಿದ್ದರಂತೆ. ಒಂದು ಸೋಮವಾರ ಬೆಳಿಗ್ಗೆ ಕಾಲುವೆಗೆ ಇಳಿದವರು ಬರೋಬ್ಬರಿ ಮೂರು ತಾಸು ಎದೆಮಟ್ಟದ ನೀರಿನಲ್ಲಿ ನಿಂತರು. ದನ ಮೈ ತೊಳೆಯಲು ಬಂದವರು ನೋಡಿದರು. ಅರಿವೆ ಒಗೆಯಲು ಬಂದವರು ನೋಡಿದರು. ಮಾತಿಲ್ಲ, ಕತೆಯಿಲ್ಲ, ತಲೆ ಬಗ್ಗಿಸಿಕೊಂಡು ನೀರಿನಲ್ಲೇ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗಂಗಾವತಿ ದಾಟಿತ್ತು. ಗದ್ದೆ ಮಾಡಲು ಬಂದ ಆಂಧ್ರದವರ ಪಕ್ಕದ ಕ್ಯಾಂಪಿನಿಂದ ಹಾಲು ತರುತ್ತಿದ್ದ ತೆಲುಗಿನ ಹೆಂಗಸು ಅಂದು ಹಾಲು ಅಳೆಯುವುದನ್ನು ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡು, ‘ಮೀ ಆಯನ ದೇವುಡಮ್ಮಾ’ ಎಂದಳು. ನನ್ನ ಗಂಡ ದೇವರಂತೆ. ನಾನು ನಾಚಿಕೊಂಡು ಕೆಂಪಗಾದೆ. ಆ ಕೆಂಪನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸುತ್ತದೆ.

ಅದರ ಮರುವರ್ಷ ನನ್ನ ಹೆಸರಿಗೆ ಒಂದು ಕಾಗದ ಬಂತು. ಮದುವೆಗೆ ಮುಂಚೆ ಹಾಕಿದ ಅರ್ಜಿಯನ್ನು ಸರಕಾರ ಮರೆತಿರಲಿಲ್ಲ. ನವಲಿಯ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ನೇಮಕ, ಹದಿನೈದು ದಿನದೊಳಗೆ ಹಾಜರಾಗಬೇಕು. ಗಂಗಾವತಿಯಿಂದ ಬಸ್ಸಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರಬಹುದಿತ್ತು. ನಾನು ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಕೊನೆಗೆ ಮಗಳಿಗೂ ಓದಿ ಹೇಳಿದೆ, ಅವಳಿಗಾಗ ಮೂರು ವರ್ಷ. ಅಂದು ಜೋಳದ ಹಿಟ್ಟು ನಾದುವಾಗ ನನ್ನಷ್ಟಕ್ಕೆ ನಾನೇ ಹಾಜರಿ ಕರೆಯುತ್ತಿದ್ದೆ. ಇಲ್ಲದ ಮಕ್ಕಳ ಹಾಜರಿ. ನನಗೆ ಬೇಕಾಗಿದ್ದದ್ದು ಅದೊಂದೇ. ಅದಕ್ಕಿಂತ ಮೊದಲು ಏನನ್ನೂ ನಾನು ಅಷ್ಟು ಬಯಸಿರಲಿಲ್ಲ, ಆಮೇಲೂ ಬಯಸಲಿಲ್ಲ.

ಗಂಡನಿಗೆ ಕಾಗದ ಕೊಟ್ಟೆ. ಓದಿದರು, ಮಡಚಿದರು, ‘ಛಲೋ ಆತು’ ಎಂದರು. ಮರುದಿನ ಪೂಜೆ ಎರಡು ತಾಸು ದಾಟಿತು. ನಾನು ಪರದೆಯ ಈಚೆ, ಹೊಟ್ಟೆಯಲ್ಲಿ ಅನ್ನವಿಲ್ಲದೆ ನಿಂತಿದ್ದೆ. ಹೊರಗೆ ಬಂದವರು ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲಿನ ಜಂತೆಯನ್ನು ನೋಡುತ್ತ ಹೇಳಿದರು.

“ಮೂರು ಸಲ ಕೇಳಿದೆ. ಲಿಂಗಪ್ಪ ಒಲ್ಲೆ ಅಂತಾನ. ನಾ ಏನ್ ಮಾಡಲಿ?”

ನೋಡಿ, ಇದರಲ್ಲಿ ಜಾಣತನ ಎಲ್ಲಿದೆ ಎಂದು. ಕುಡುಕ ಗಂಡ ನೌಕರಿಗೆ ಹೋಗಬೇಡ ಎಂದು ಬಡಿದಿದ್ದರೆ ನಾನು ಅವನನ್ನು ಬೈಯಬಹುದಿತ್ತು, ಅಪ್ಪನಿಗೆ ಹೇಳಿ ಕಳಿಸಬಹುದಿತ್ತು, ನಾಲ್ಕು ಮಂದಿಯನ್ನು ಕೂಡಿಸಬಹುದಿತ್ತು. ಇಲ್ಲಿ ಗಂಡ ನನ್ನ ಕಡೆಗೇ ಇದ್ದಾರೆ! ಪಾಪ, ಮೂರು ಸಲ ಕೇಳಿದ್ದಾರೆ. ಬೇಡ ಅಂದದ್ದು ದೇವರು. ನಾನು ಅಂದು ಅಳಲಿಲ್ಲ. ಕಾಗದವನ್ನು ಟ್ರಂಕಿನಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ. ಹದಿನೈದು ದಿನ ಒಂದೊಂದಾಗಿ ಮುಗಿದವು. ನವಲಿ ಬಸ್ಸು ನಮ್ಮ ಓಣಿಯ ತುದಿಯಲ್ಲಿ ಹಾರ್ನ್ ಹೊಡೆದು ಹೋಗುತ್ತಿತ್ತು, ನಾನು ಪತ್ರಿ ಆರಿಸುತ್ತಿದ್ದೆ.

ಅತ್ತೆಗೆ ಸುದ್ದಿ ಗೊತ್ತಾಗಿ, ಸುಮ್ಮನಿದ್ದೆ ಯಾಕೆ ಎಂದು ಕೇಳಿದಳು. ದೇವರು ಬೇಡ ಅಂದಮೇಲೆ ಏನು ಮಾಡುವುದು ಅತ್ತಿ ಎಂದೆ. ಅವಳು ಎದ್ದು ಹಿತ್ತಲಿಗೆ ಹೋದಳು. ನನ್ನ ದಡ್ಡತನಕ್ಕೆ ಬೇಸರವಾಯಿತೋ, ಮಗನ ಮಾತು ಮುರಿಯಲು ಮನಸ್ಸಾಗಲಿಲ್ಲವೋ. ಮುಂದಿನ ಮೂರು ವರ್ಷದಲ್ಲಿ ಅವಳು ತೀರಿಕೊಂಡಳು.

ಆಮೇಲೆ ನನಗೆ ಏನಾಯಿತು ಎಂದು ಸರಿಯಾಗಿ ಹೇಳುವುದು ಕಷ್ಟ. ಗಂಡನಿಗೆ ಬೇಡವಾದ ಹೆಂಗಸಿಗೆ ದೇವರಾದರೂ ಇರುತ್ತಾನೆ. ನಾನು ದೇವರಿಗೇ ಬೇಡವಾದವಳು ಎಂದು ತಿಳಿದುಕೊಂಡೆ. ಬೆಳಿಗ್ಗೆ ಸಾಲಿ ಮಕ್ಕಳು ಬಾಗಿಲ ಮುಂದೆ ಹೋಗುವ ಹೊತ್ತಿಗೆ ಒಳಗೆ ಹೋಗಿಬಿಡುತ್ತಿದ್ದೆ. ಮಗಳ ಪಾಟಿ ತಿದ್ದುವುದನ್ನೂ ಬಿಟ್ಟೆ, ಅವಳ ಅಪ್ಪನೇ ತಿದ್ದಲಿ ಎಂದು. ನನ್ನ ಲಿಂಗಪೂಜೆ ಹೆಸರಿಗೆ ಮಾತ್ರ ಉಳಿಯಿತು. ಕರಡಿಗೆಯನ್ನು ತೆರೆದು, ಕಣ್ಣೆತ್ತದೆ ನೀರು ಹಾಕಿ, ಮುಚ್ಚಿಬಿಡುವುದು. ಬೇಡ ಅಂದವರ ಮನೆಯಲ್ಲಿ ಉಣ್ಣುವಾಗ ತಲೆ ಎತ್ತುವುದಿಲ್ಲವಲ್ಲ, ಹಾಗೆ.

ಅವರಾದರೋ ಬೆಳೆದರು. ಕಾಲುವೆಯ ಕೀರ್ತಿ ಅವರನ್ನು ಶ್ರಾವಣದ ಪ್ರವಚನಕ್ಕೆ ಏರಿಸಿತು. ಶ್ರಾವಣ ಬಂದರೆ ನಮ್ಮ ಕಡೆ ಊರೂರಿಗೆ ಗುಡಿಯಲ್ಲಿ ತಿಂಗಳುಗಟ್ಟಲೆ ಪುರಾಣ ಹಚ್ಚುತ್ತಾರೆ. ಇವರು ಸಂಜೆ ಕಚೇರಿಯಿಂದ ನೆಟ್ಟಗೆ ಕನಕಗಿರಿಗೋ ಕೊಪ್ಪಳದ ಹತ್ತಿರದ ಹಳ್ಳಿಗೋ ಹೋಗಿ ಕೂತುಬಿಡುವರು. ಇವರಿಗೆ ಕೈ ಹತ್ತಿದ ವಿಷಯ ಯಾವುದು ಅಂದುಕೊಂಡಿರಿ? ದಾಂಪತ್ಯ! ಗಂಡ ಹೆಂಡತಿ ಒಂದು ಜೀವವಾಗಬೇಕು, ‘ನಾನು’ ಎಂಬುದು ಕರಗಬೇಕು, ಒಬ್ಬರ ಮನಸ್ಸು ಒಬ್ಬರು ಕೇಳಬೇಕು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಎರಡು ತಾಸು ಕೇಳಿದೆ. ‘ನಾನು ಕರಗಬೇಕು’ ಎನ್ನುವಾಗ ಅವರ ಕಣ್ಣು ಹೆಂಗಸರ ಸಾಲಿನ ಕಡೆಗೇ ಇತ್ತು, ಗಂಡಸರ ಸಾಲಿಗೆ ಆ ಮಾತು ಲಾಗೂ ಆಗುವುದಿಲ್ಲ ಎನ್ನುವ ಹಾಗೆ. ಮಂಗಳಾರತಿ ಆದ ಮೇಲೆ ನಾಲ್ಕು ಜನ ಮುತ್ತೈದೆಯರು ನನ್ನ ಕಾಲು ಮುಟ್ಟಲು ಬಂದರು. ಒಬ್ಬಳು ತನ್ನ ಸೊಸೆಯನ್ನು ಮುಂದೆ ತಳ್ಳಿ, ಹೊಂದಿಕೊಂಡು ಹೋಗುವುದನ್ನು ಈಕೆಯಿಂದ ಕಲಿ ಎಂದಳು. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ನನಗೂ ಗೊತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ಒಂದು ಜೀವವಾದ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಮಗಳು ಆರನೆಯ ಇಯತ್ತೆಯಲ್ಲಿದ್ದಾಗ ಅವರಿಗೆ ಚಳಿಜ್ವರ ಬಂತು. ಕಾಲುವೆ ಸೀಮೆಯಲ್ಲಿ ಗದ್ದೆಯಷ್ಟೇ ಸೊಳ್ಳೆಯೂ ಸಮೃದ್ಧಿ. ನಾಲ್ಕನೆಯ ದಿನ ಮೈಮೇಲೆ ಎಚ್ಚರವಿಲ್ಲ, ಬಡಬಡಿಕೆ. ಬೆಳಿಗ್ಗೆ ಹತ್ತರ ಸುಮಾರು ದವಾಖಾನೆಯ ಡಾಕ್ಟರು ಬಂದು ಸೂಜಿ ಚುಚ್ಚಿ, ಮೈಯನ್ನು ತಣ್ಣೀರಿನಿಂದ ಒರೆಸಿ ಎಂದು ಹೇಳಿ ಹೋದರು. ಬೆವರಿನಿಂದ ತೊಯ್ದು ಶಿವದಾರ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವರ ಕರಡಿಗೆಯನ್ನು ನಾನು ಅಲ್ಲಿಯ ತನಕ ಮುಟ್ಟಿದವಳಲ್ಲ. ಲಿಂಗಪ್ಪನಲ್ಲಿ ತಪ್ಪಾಯಿತೆಂದು ಕೇಳಿಕೊಂಡು, ಶಿವದಾರವನ್ನು ಬಿಡಿಸಿ ಎತ್ತುವಷ್ಟರಲ್ಲಿ ಕರಡಿಗೆಯ ಮುಚ್ಚಳ ಸಡಿಲಾಗಿ ಲಿಂಗ ಕೆಳಗೆ ಬಿತ್ತು.

ಲಿಂಗ ನೆಲಕ್ಕೆ ಬೀಳುವುದು ಎಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡ ಹೋದ ಎಂದೇ ಅಂದುಕೊಂಡೆ. ಆದರೆ ಬಿದ್ದದ್ದು ಟಕ್ ಎಂದು ಪುಟಿಯಿತು. ಮತ್ತೆ ಪುಟಿಯಿತು. ಮೂರನೆಯ ಸಲ ಪುಟಿದು ಬಾಗಿಲ ಹೊಸ್ತಿಲಿಗೆ ಹೋಗಿ ನಿಂತಿತು. ಲಿಂಗ ಪುಟಿಯುವುದಿಲ್ಲ. ನಾನು ಅಂಬೆಗಾಲಿಕ್ಕಿ ಹೋಗಿ ಕೈಗೆ ತೆಗೆದುಕೊಂಡೆ. ಕರ್ರಗೆ, ಗುಂಡಗೆ, ನುಣ್ಣಗೆ ಇತ್ತು. ವಿಭೂತಿ ಹಚ್ಚಿ ಹಚ್ಚಿ ಒಂದು ಬದಿ ಬೂದಿಬಣ್ಣವಾಗಿತ್ತು. ಸೆರಗಿನಿಂದ ಒರೆಸಿದೆ. ತಲೆ ತೊಳೆಯಲು ಬಳಸುವ ಅಂಟುವಾಳದ ಕಾಯಿ ಇರುತ್ತದಲ್ಲ, ಅದರ ಬೀಜ.

ಅಂಟುವಾಳದ ಬೀಜ. ನಾನು ಗೋಡೆಗೆ ಒರಗಿ ಕೂತೆ. ಇದಕ್ಕೆ ದಿನಾ ಒಂದೂವರೆ ತಾಸು. ಇದಕ್ಕೆ ಹರಿಯದ ಪತ್ರಿ, ಬೇರೆ ಕೊಡದ ನೀರು, ಪರದೆ, ಗಂಟೆ. ಇದರ ತೀರ್ಥ ಕುಡಿದು ನಾನೂ ನನ್ನ ಮಗಳೂ ಕಣ್ಣಿಗೆ ಒತ್ತಿಕೊಂಡಿದ್ದೆವು. ಪುಣ್ಯಕ್ಕೆ ಸಿಪ್ಪೆ ಸುಲಿದಿದ್ದರು, ಇಲ್ಲದಿದ್ದರೆ ತೀರ್ಥಕ್ಕೆ ನೊರೆ ಬರುತ್ತಿತ್ತು. ನನಗೆ ನಗು ಬಂತು. ಜ್ವರದಲ್ಲಿ ಗಂಡ ನರಳುತ್ತಿದ್ದರೆ ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಬೀಜವನ್ನು ಕರಡಿಗೆಯೊಳಗೆ ಹಾಕಿ, ಮುಚ್ಚಳ ಒತ್ತಿ, ಅವರ ಮೈ ಒರೆಸಿ, ಮತ್ತೆ ಕೊರಳಿಗೆ ಹಾಕಿದೆ.

ಅವರು ಎದ್ದು ಕೂತು ಗಂಜಿ ಕುಡಿಯುವ ತನಕ ಕಾದೆ. ಹತ್ತು ದಿನ. ಹನ್ನೊಂದನೆಯ ದಿನ ಮಗಳು ಸಾಲಿಗೆ ಹೋದ ಮೇಲೆ ಗಂಜಿಯ ಬಟ್ಟಲನ್ನು ಕೈಗೆ ಕೊಟ್ಟು, ಬಿದ್ದದ್ದನ್ನೂ ಪುಟಿದದ್ದನ್ನೂ ಹೇಳಿ, ಯಾವಾಗಿನಿಂದ ಎಂದು ಮಾತ್ರ ಕೇಳಿದೆ. ಅವರು ಬಟ್ಟಲನ್ನು ಕೆಳಗಿಟ್ಟರು. ನಿರಾಕರಿಸಬಹುದು ಅಂದುಕೊಂಡಿದ್ದೆ, ಅಷ್ಟು ಧೈರ್ಯವೂ ಇರಲಿಲ್ಲ. ಆ ಸೋಮವಾರ, ಕಾಲುವೆಯಲ್ಲಿ, ಒದ್ದೆ ಅಂಗೈಯಿಂದ ಜಾರಿ ಹೋಯಿತಂತೆ. ಮೂರು ತಾಸು ಕಾಲಿನಿಂದ ಕೆಸರು ತಡವುತ್ತ ಹುಡುಕಿದರಂತೆ. ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ. ದಂಡೆಯಲ್ಲಿ ಮಂದಿ ಕೂಡಿ ಕೈ ಮುಗಿಯತೊಡಗಿದಾಗ ಹೇಳಲು ಬಾಯಿ ಬರಲಿಲ್ಲವಂತೆ. ಮನೆಗೆ ಬಂದಾಗ ಬಚ್ಚಲಲ್ಲಿ ನಾನು ನೆನೆಹಾಕಿದ ಅಂಟುವಾಳದ ಬಟ್ಟಲು ಕಂಡಿತಂತೆ.

ನಾನು ಕಾಲುವೆಯ ದಂಡೆಯ ಜನರನ್ನೂ ಬಿಟ್ಟೆ, ಪ್ರವಚನವನ್ನೂ ಬಿಟ್ಟೆ. ನನ್ನ ತಲೆ ಒಂದೇ ಕಡೆ ನಿಂತಿತ್ತು. ಕಾಲುವೆ ಮೊದಲು. ನವಲಿಯ ಕಾಗದ ಅದರ ಮರುವರ್ಷ.

“ಹಂಗಾರ ನನ್ನ ನೌಕರಿ ಬ್ಯಾಡ ಅಂದಾವರು ಯಾರ್ರಿ?” ಎಂದೆ.

ಅವರು ಬಟ್ಟಲನ್ನು ಎತ್ತಿಕೊಂಡು ಗಂಜಿ ಕುಡಿಯತೊಡಗಿದರು.

ಇಷ್ಟಾದರೂ ನಾನು ಒಂದು ಅವಕಾಶ ಕೊಟ್ಟೆ. ನಾಳೆ ಅಯ್ಯನವರನ್ನು ಕರೆಸೋಣ, ನಿಮ್ಮ ಅವ್ವ ಕಟ್ಟಿಸಿಕೊಂಡಂತೆ ಹೊಸದು ಕಟ್ಟಿಸಿಕೊಳ್ಳಿ, ನಾನೂ ಅಂದು ನಿಮ್ಮ ಜೊತೆ ಉಪವಾಸ ಇರುತ್ತೇನೆ ಎಂದೆ. ಅರ್ಧ ತಾಸಿನ ಕೆಲಸ. ಅವರ ಮುಖ ಜ್ವರದಲ್ಲಿ ಬೆಳ್ಳಗಾದದ್ದಕ್ಕಿಂತ ಹೆಚ್ಚು ಬೆಳ್ಳಗಾಯಿತು.

“ಮಂದಿ ಏನಂದಾರು? ಯಾರ ಮುಂದನೂ ಬಾಯಿ ಬಿಡಬ್ಯಾಡ, ನಿನ್ನ ಕೈ ಮುಗೀತೀನಿ.”

ದೇವರಿಲ್ಲದೆ ಈ ಮನುಷ್ಯ ಹತ್ತು ವರ್ಷ ಆರಾಮಾಗಿ ಇದ್ದ. ಮಂದಿಯಿಲ್ಲದೆ ಹತ್ತು ದಿನ ಇರಲಾರ. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಇದ್ದ ಭಯ, ಭಕ್ತಿ, ಸಿಟ್ಟು ಎಲ್ಲ ಹೋಗಿ ತಾತ್ಸಾರ ಮಾತ್ರ ಉಳಿಯಿತು. ಸಿಟ್ಟು ಒಂದು ದಿನ ಇಳಿಯುತ್ತದೆ. ತಾತ್ಸಾರ ಇಳಿಯುವುದಿಲ್ಲ, ಅದಕ್ಕೆ ಹಸಿವೂ ಇಲ್ಲ, ದಣಿವೂ ಇಲ್ಲ. ನನಗೆ ಗೊತ್ತಿದ್ದ ಶಿಕ್ಷಕಿಯೊಬ್ಬರನ್ನು ಕೇಳಿ ನೋಡಿದೆ. ವಯಸ್ಸಿನ ಮಿತಿ ದಾಟಿದೆ, ಹೊಸದಾಗಿ ಅರ್ಜಿ ಹಾಕುವಂತಿಲ್ಲ ಎಂದರು. ಸರಿ ಎಂದು ಮನೆಗೆ ಬಂದೆ.

ನಾನು ಯಾರಿಗೂ ಹೇಳಲಿಲ್ಲ. ಇದನ್ನು ದೊಡ್ಡ ಗುಣ ಅಂದುಕೊಳ್ಳಬೇಡಿ. ದೇವರಂಥ ಗಂಡನ ಹೆಂಡತಿ ಎಂಬ ಹೆಸರು ನನಗೂ ರೂಢಿಯಾಗಿತ್ತು. ಬಯಲು ಮಾಡಿದ್ದರೆ ಅಂಟುವಾಳದ ಬೀಜಕ್ಕೆ ಪತ್ರಿ ಆರಿಸಿದವಳು ಎಂದು ನನ್ನನ್ನೂ ನಗುತ್ತಿದ್ದರು. ಮರುದಿನದಿಂದ ನಾನೂ ಮಗಳೂ ಅವರ ಪೂಜೆಗೆ ಮೊದಲೇ ಉಪ್ಪಿಟ್ಟು ತಿನ್ನತೊಡಗಿದೆವು. ಪರದೆಯ ಒಳಗಿಂದ ಗಂಟೆ ಒಮ್ಮೆ ಜೋರಾಯಿತು. ನಾನು ಮಗಳಿಗೆ ಇನ್ನೊಂದು ಚಮಚ ಬಡಿಸಿದೆ. ಅವರು ಪೂಜೆ ಬಿಡಲಿಲ್ಲ, ಬೀಜವನ್ನೂ ಬಿಡಲಿಲ್ಲ. ಹೊರಗಿನವರು ನಮ್ಮ ಹೊಂದಾಣಿಕೆಯನ್ನು ಹೊಗಳುವುದನ್ನೂ ಬಿಡಲಿಲ್ಲ. ಜಗಳವೇ ಇಲ್ಲದ ಮನೆ ನಮ್ಮದು. ಒಬ್ಬರು ಹೆದರಿಕೊಂಡು, ಇನ್ನೊಬ್ಬರು ಹೇಸಿಕೊಂಡು ಇದ್ದರೆ ಮನೆ ಬಹಳ ಶಾಂತವಾಗಿರುತ್ತದೆ.

ಮಗಳು ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಯಲಬುರ್ಗಾದಿಂದ ಒಂದು ಸಂಬಂಧ ಬಂತು. ಹುಡುಗನ ಅಪ್ಪನೂ ಕಾಕನೂ ಬಂದಿದ್ದರು. ಹೊಲಮನೆ ಇದೆ, ಗೊಬ್ಬರದ ಅಂಗಡಿ ಇದೆ. ಹುಡುಗನ ಗುಣ ಹೇಳಿ ಎಂದರೆ ಅವನ ಅಪ್ಪ, ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ದಿನಾ ಎರಡು ತಾಸು ಪೂಜೆ ಎಂದ. ನಮ್ಮವರಿಗಿಂತ ಅರ್ಧ ತಾಸು ಜಾಸ್ತಿ! ಮಗಳಿಗೆ ಸಾಲಿ ಕಲಿಸುವ ಆಸೆ ಇದೆ, ತರಬೇತಿಗೆ ಹೋಗುತ್ತಾಳೆ ಎಂದು ನಾನು ಒಳಗಿಂದಲೇ ಹೇಳಿದೆ. ಮದುವೆಯಾದ ಮೇಲೆ ಅದೆಲ್ಲ ಯಾಕೆ ಎಂದು ಕಾಕ ನಕ್ಕ. ನನ್ನ ಗಂಡ ಊರವರ ಮುಂದೆ ಕೂತ ಗತ್ತಿನಲ್ಲಿ ನನ್ನನ್ನೂ ಗಂಜಿಯ ಬಟ್ಟಲನ್ನೂ ಮರೆತು, ನಾಳೆ ಬೆಳಿಗ್ಗೆ ಲಿಂಗಪ್ಪನನ್ನು ಕೇಳಿ ಹೇಳುತ್ತೇನೆ, ಇಲ್ಲೇ ಉಳಿಯಿರಿ ಎಂದುಬಿಟ್ಟರು.

ಆ ರಾತ್ರಿ ಮಗಳು ನನ್ನನ್ನು ಏನೂ ಕೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ನನಗೆ ಒಂದೇ ಗೊತ್ತಿತ್ತು, ಈ ಮನೆಯಲ್ಲಿ ಎರಡನೆಯ ಸಲ ಅದು ನಡೆಯಬಾರದು.

ಬೆಳಿಗ್ಗೆ ಅವರು ಪರದೆಯ ಒಳಗೆ ಹೋದರು. ನಾನು ಹಾಲನ್ನು ಒಲೆಯ ಮೇಲಿಟ್ಟು, ಅದರ ಮುಂದೆ ಕೂತು, ನನ್ನ ಕರಡಿಗೆಯನ್ನು ತೆರೆದೆ. ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಎಷ್ಟೋ ವರ್ಷದ ಮೇಲೆ ನೆಟ್ಟಗೆ ನೋಡಿದೆ. ಏನೂ ಕೇಳಲಿಲ್ಲ, ಅದೂ ಏನೂ ಹೇಳಲಿಲ್ಲ. ಹಾಲು ಉಕ್ಕುವುದರೊಳಗೆ ಎದ್ದು ಸೆರಗು ಹೊದ್ದುಕೊಂಡು ಪಡಸಾಲೆಗೆ ಹೋದೆ. ಬೀಗರಾಗಲು ಬಂದವರು ಕಂಬಳಿಯ ಮೇಲೆ ಕೂತಿದ್ದರು.

“ನಾ ಕೇಳೀನ್ರಿ. ಅಪ್ಪಣಿ ಆಗಲಿಲ್ಲ.”

ಹುಡುಗನ ಅಪ್ಪ ತಬ್ಬಿಬ್ಬಾಗಿ, ಯಜಮಾನರು ಇನ್ನೂ ಪೂಜೆಯಲ್ಲಿದ್ದಾರಲ್ಲ, ನೀವು ಹೇಗೆ ಕೇಳಿದಿರಿ ಎಂದ.

“ನನ್ನ ಕೊರಳಾಗೂ ಲಿಂಗ ಐತಲ್ರಿ,” ಎಂದೆ. “ನಿಮ್ಮ ಮನಿಯಾಗ ಹೆಣಮಕ್ಕಳಿಗೆ ಇಲ್ಲೇನು?”

ಪರದೆಯ ಒಳಗೆ ಗಂಟೆ ನಿಂತಿತು. ಅವರು ಅರ್ಧ ಪೂಜೆಯಲ್ಲೇ ಹೊರಗೆ ಬಂದರು, ಅಷ್ಟು ವರ್ಷದಲ್ಲಿ ಮೊದಲ ಸಲ. ನನ್ನ ಮುಖ ನೋಡಿದರು. ಕೈ ತಾನಾಗಿ ಕರಡಿಗೆಯ ಮೇಲೆ ಹೋಯಿತು. ಆಮೇಲೆ ಬೀಗರ ಕಡೆ ತಿರುಗಿ, ಗಂಭೀರವಾಗಿ, ತಮಗೂ ಹಾಗೆಯೇ ಆಯಿತು, ಈ ಸಂಬಂಧ ಕೂಡುವುದಿಲ್ಲ ಎಂದರು. ನಾನು ಗೆದ್ದೆ. ಗೆದ್ದದ್ದು ಹೇಗೆ? ಅವರು ಆಡಿದ ಸುಳ್ಳನ್ನೇ ಆಡಿ. ನನ್ನದು ನಿಜವಾದ ಲಿಂಗ ಎಂಬುದಷ್ಟೇ ವ್ಯತ್ಯಾಸ, ಅದು ನನ್ನ ತಪ್ಪನ್ನು ಹೆಚ್ಚು ಮಾಡುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಬಂದವರು ಚಹಾ ಕುಡಿದು ಹೋದರು. ಅಡಿಗೆಮನೆಯಲ್ಲಿ ಮಗಳು ಹಾಲು ಇಳಿಸಿ ಇಟ್ಟಿದ್ದಳು.

“ಖರೇನ ಕೇಳಿದೇನು ಯವ್ವಾ?” ಎಂದಳು.

ಇಲ್ಲ ಎಂದೆ. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಅವಳು ತಲೆಯಾಡಿಸಿದಳು, ಬೇಸರವಾದಂತೆ ಕಾಣಲಿಲ್ಲ.

“ನಾ ಹೋದ ವಾರನ ನನ್ನ ಲಿಂಗಪ್ಪನ್ನ ಕೇಳೀನಿ, ಪೂಜಿ ಹೊತ್ತಿನಾಗ. ನನಗ ಹೋಗು ಅಂತ ಅನಸ್ತು. ಅವತ್ತ ತರಬೇತಿ ಅರ್ಜಿ ಪೋಸ್ಟಿಗೆ ಹಾಕೀನಿ. ಅಪ್ಪ ಹೂಂ ಅಂದಿದ್ರೂ ನಾ ಒಲ್ಲೆ ಅಂತಿದ್ದೆ.”

ಎಷ್ಟು ಸಹಜವಾಗಿ ಹೇಳಿದಳೆಂದರೆ, ಬಾವಿಗೆ ಹೋಗಿ ನೀರು ತಂದೆ ಎಂದು ಹೇಳಿದಂತೆ. ತಾಯಿಯಾದವಳಿಗೆ ಆಗ ಸಂತೋಷವಾಗಬೇಕು. ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತ ಮಗಳ ಮೇಲೆ, ಅಡಿಗೆಮನೆಯಲ್ಲಿ ನಿಂತು, ಕುದಿಯುವಂಥ ಹೊಟ್ಟೆಕಿಚ್ಚು. ನವಲಿಯ ಕಾಗದ ಬಂದ ದಿನ ನನ್ನ ಗಂಡನ ಕರಡಿಗೆಯಲ್ಲಿ ಬೀಜವಿತ್ತು, ಅದು ಅವರ ಮೋಸ. ನನ್ನ ಕರಡಿಗೆಯಲ್ಲಿ ಲಿಂಗವೇ ಇತ್ತು. ಹುಟ್ಟಿದಾಗಿನಿಂದ ಇತ್ತು. ಪರದೆಯ ಈಚೆ ಎರಡು ತಾಸು ಹಸಿದುಕೊಂಡು ನಿಂತವಳಿಗೆ, ಕೊರಳಿಗೆ ಕೈ ಹಾಕಿ ಒಂದು ಸಲ ಅದನ್ನು ಕೇಳಬೇಕು ಎಂದು ಹೊಳೆಯಲಿಲ್ಲ.